ಹಿಂದಿನ ದೀಪದ ಕೆಲಸ

ಸಿಂಧು, ಪವನ್,

ಮೊಬೈಲ್ ಮುಂದೆ ಕೂತು ಮಾತಾಡಜ್ಜಿ, ರೆಕಾರ್ಡ್ ಮಾಡಿಕೊಳ್ಳುತ್ತೇವೆ ಎಂದಿರಿ. ಕೂತೆ. ನೀವು ಗುಂಡಿ ಒತ್ತಿದಿರಿ. ನಾನು ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಕುಕ್ಕರ್ ಕೂಗಿತು, ಎದ್ದು ಹೋದೆ. ಆ ರೆಕಾರ್ಡಿನಲ್ಲಿ ಈಗಲೂ ಕುಕ್ಕರ್ ಒಂದೇ ಇದೆಯಂತೆ. ನಾಲ್ಕು ಜನರ ಮುಂದೆ ನನಗೆ ಮಾತು ಹೊರಡುವುದಿಲ್ಲ. ಕೊಂಡಜ್ಜಿ ಊರಿನ ಶಾಲೆಯಲ್ಲಿ ಏಳನೇ ಇಯತ್ತೆಯವರೆಗೆ ಓದಿದ್ದೇನೆ. ಅಲ್ಲಿಯೂ ಮೇಷ್ಟ್ರು ಪ್ರಶ್ನೆ ಕೇಳಿದರೆ ಉತ್ತರವನ್ನು ಪಾಟಿಯ ಮೇಲೆ ಬರೆದು ಎತ್ತಿ ತೋರಿಸುತ್ತಿದ್ದೆ. ಇದನ್ನೂ ಹಾಗೆಯೇ ಬರೆದು ತೋರಿಸುತ್ತಿದ್ದೇನೆ.

ಬರೆಯಲು ಕಾರಣವಿದೆ. ಪವನ್, ನಿನಗೆ ಹೆವಿ ಲೈಸೆನ್ಸ್ ಬಂದಿದೆ, ಈ ಚಳಿಗಾಲದಲ್ಲಿ ಟ್ರೇಲರ್ ಹತ್ತುತ್ತೀಯ. ಸಿಂಧು, ನೀನು ಗಾಡಿಗಳು ಹೊರಡುವ ಮುಂಚೆ ಪರೀಕ್ಷೆ ಮಾಡುವ ಕೆಲಸಕ್ಕೆ ಸೇರಿದ್ದೀಯ, ಕೈಗೆ ಟ್ಯಾಬ್ ಕೊಟ್ಟಿದ್ದಾರೆ. ನಾನು ಆಯುಷ್ಯದ ದೊಡ್ಡ ಭಾಗ ಮಾಡಿದ್ದು ಅದೇ ಕೆಲಸವನ್ನು, ಟ್ಯಾಬ್ ಇಲ್ಲದೆ. ಎಸ್.ಎಸ್. ಬಡಾವಣೆಯ ಈ ಮನೆಯಲ್ಲಿ ಕೂತು ನೋಡಿದರೆ ನಾನು ದುಡಿದ ಲಾರಿ ಯಾರ್ಡ್ ಬಹಳ ದೂರದ್ದು ಎನಿಸುತ್ತದೆ. ಆದರೆ ಮಂಜು ಬಿದ್ದ ಬೆಳಿಗ್ಗೆ ಈಗಲೂ ಎಚ್ಚರವಾಗಿ, ಯಾರ ಗಾಡಿಯ ದೀಪ ನೋಡಬೇಕಿತ್ತು ಎಂದು ಯೋಚಿಸುತ್ತೇನೆ.

ನಿಮ್ಮ ತಾತ ಟ್ರೇಲರ್ ಓಡಿಸುತ್ತಿದ್ದರು. ಅವರು ರಸ್ತೆಯಲ್ಲೇ ತೀರಿಕೊಂಡರು ಎಂದು ಎಲ್ಲರೂ ತಿಳಿಯುತ್ತಾರೆ. ಹಾಗಿಲ್ಲ. ಅಷ್ಟು ವರ್ಷ ಒಂದು ಗೀರೂ ಬೀಳದಂತೆ ಗಾಡಿ ಓಡಿಸಿ, ಕಡೆಗೆ ಮನೆಯ ಮಂಚದ ಮೇಲೆ ಕಾಮಾಲೆಯಿಂದ ಹೋದರು. ನಿಮ್ಮ ಅಪ್ಪ ಆಗ ಶಾಲೆಗೆ ಹೋಗುತ್ತಿದ್ದ, ನಿಮ್ಮ ಅತ್ತೆ ಇನ್ನೂ ಹೋಗುತ್ತಿರಲಿಲ್ಲ. ಗುತ್ತೂರಿನ ಹತ್ತಿರ ತಾತ ಕೆಲಸ ಮಾಡಿದ ಯಾರ್ಡಿನ ಮಾಲೀಕರು ಶೇಖರಪ್ಪನವರು. ನಾವೆಲ್ಲ ಸಾಹುಕಾರರು ಎನ್ನುತ್ತಿದ್ದೆವು. ಅವರು ಕರೆಸಿ, ಲೋಡಿನ ಮೇಲೆ ಹೊದಿಸುವ ಹರಿದ ತಾಡಪಾಲು ಹೊಲಿಯುವ ಕೆಲಸ ಕೊಟ್ಟರು. ಸೂಜಿ ನನ್ನ ಅಂಗೈಗಿಂತ ಉದ್ದವಿತ್ತು. ಹೊಲಿಗೆ ಬರುತ್ತದೆಯೇ ಎಂದು ಕೇಳಿದರು. ತಲೆ ಆಡಿಸಿದೆ. ಅದೇ ನನ್ನ ಸಂದರ್ಶನ.

ಅಲ್ಲಿನ ಮೇಸ್ತ್ರಿ ರಹಮತ್ ಸಾಬರು. ಹರಿಹರದವರು. ಗ್ರೀಸಿನ ಕಲೆಯಿಲ್ಲದ ಅಂಗಿ ಅವರ ಮೈಮೇಲೆ ಹಬ್ಬಕ್ಕೊಮ್ಮೆ ಮಾತ್ರ ಕಾಣುತ್ತಿತ್ತು. ನಾನು ತಾಡಪಾಲು ಕಟ್ಟುವಾಗ ಗಾಡಿಯ ಕೆಳಗೆ ಇಣುಕುವುದನ್ನು ನೋಡಿ, ಒಂದು ದಿನ ಕೇಳಿದರು.

"ಏನು ಹುಡುಕ್ತೀ ಗೌರಮ್ಮಾ?"

"ಏನಿಲ್ರಿ. ಎಲ್ಲೋ ಬುಸ್ ಅಂತೈತೆ."

ಅವರು ಎಂಜಿನ್ ನಿಲ್ಲಿಸಲು ಹೇಳಿ ಕಿವಿಗೊಟ್ಟರು. ಟ್ರೇಲರ್ ಎಂದರೆ ಎರಡು ತುಂಡಿನ ಗಾಡಿ. ಮುಂದೆ ಎಳೆಯುವ ಎಂಜಿನ್ ಭಾಗ, ಹಿಂದೆ ಲೋಡು ಹೊರುವ ಉದ್ದನೆಯ ಭಾಗ. ಎರಡರ ನಡುವೆ ಸುರುಳಿ ಸುತ್ತಿದ ಗಾಳಿಯ ಪೈಪುಗಳು ಇರುತ್ತವೆ, ಹಿಂದಿನ ಬ್ರೇಕಿಗೆ ಗಾಳಿ ಹೋಗುವುದು ಅವುಗಳಿಂದಲೇ. ಚಳಿಗೆ ಆ ರಬ್ಬರು ಬಿರುಸಾಗಿ ಬಿರುಕು ಬಿಡುತ್ತದೆ. ಆ ದಿನ ಬಿರುಕು ಬಿಟ್ಟಿತ್ತು. ರಹಮತ್ ಸಾಬರು ಪೈಪು ಬದಲಿಸಿ, ಸಾಹುಕಾರರ ಹತ್ತಿರ ಹೋಗಿ, "ಈಯಮ್ಮನ ಕಿವಿ ನನಗ ಬೇಕು, ಸೂಜಿ ಬೇರೆ ಯಾರಿಗಾದ್ರೂ ಕೊಡ್ರಿ" ಎಂದರು. ಹೀಗೆ ನಾನು ಗಾಡಿ ನೋಡುವವಳಾದೆ.

ಎರಡೇ ವಾರದಲ್ಲಿ ತೊಂದರೆ ಶುರುವಾಯಿತು. ತೊಂದರೆ ನನ್ನ ಮುಖದ್ದು.

ನಿಮಗೆ ಇದು ವಿಚಿತ್ರವಾಗಿ ಕೇಳಿಸಬಹುದು. ಗಾಡಿ ಎತ್ತುವ ಹೊತ್ತಿಗೆ ಗಂಡನಿಲ್ಲದವಳು ಎದುರಾದರೆ ಡ್ರೈವರುಗಳು ಹೊರಡುತ್ತಿರಲಿಲ್ಲ. ಎಂಜಿನ್ ನಿಲ್ಲಿಸಿ, ಕೆಳಗಿಳಿದು, ನೀರು ಕುಡಿದು, ಸ್ವಲ್ಪ ಹೊತ್ತು ಕೂತು, ಆಮೇಲೆ ಹೊಸದಾಗಿ ಹೊರಡುತ್ತಿದ್ದರು. ನಾನು ಅಲ್ಲಿಂದಿಲ್ಲಿಗೆ ಓಡಾಡುತ್ತಿದ್ದರಿಂದ ಕೆಲವರು ಬೆಳಿಗ್ಗೆ ಎರಡೆರಡು ಸಲ ನೀರು ಕುಡಿದರು. ಅವರಲ್ಲಿ ಹಿರಿಯರು ಹನುಮಂತಪ್ಪ, ನಿಮ್ಮ ತಾತನ ಗೆಳೆಯರು. ಅವರೇ ಸಾಹುಕಾರರ ಮುಂದೆ ಬಾಯಿ ಬಿಟ್ಟರು.

"ಆಯಮ್ಮ ಒಳ್ಳೇಕಿ, ನಮ್ಮ ಗೆಣೆಕಾರನ ಹೆಂಡ್ತಿ, ಅದರಾಗೇನಿಲ್ರಿ. ಆದ್ರ ಹೊರಡೋ ಹೊತ್ತಿಗೆ ಎದುರಿಗೆ ಬಂದ್ರ ಹೆಂಗ್ರಿ?"

ಸಾಹುಕಾರರು ನನ್ನ ಕಡೆ ತಿರುಗಿದರು. "ನೀನು ಎದುರಿಗೆ ಬರಬ್ಯಾಡಮ್ಮ. ಹಿಂದೇ ಇರು, ಹಿಂದಿಂದೇ ನೋಡು. ನಿನ್ನಿಂದ ಇನ್ನೊಂದು ಗಾಡಿ ನಿಂತ್ರ ನಾನೇನೂ ಮಾಡಾಕ ಬರಲ್ಲ. ಕೆಲಸ ಬಿಡಬೇಕಾಗ್ತೈತೆ."

ಕೆಟ್ಟ ಮನುಷ್ಯರಲ್ಲ ಅವರು. ಕೆಟ್ಟದಾಗಿಯೂ ಹೇಳಲಿಲ್ಲ. ನಾನು ತಲೆ ಆಡಿಸಿದೆ. ಬೇರೆ ಕೆಲಸ ನನಗೆ ಗೊತ್ತಿರಲಿಲ್ಲ, ಮನೆಯಲ್ಲಿ ಎರಡು ಮಕ್ಕಳಿದ್ದವು. ಅಂದಿನಿಂದ ನನ್ನ ವೃತ್ತಿಯನ್ನೆಲ್ಲ ಗಾಡಿಯ ಹಿಂದಿನಿಂದ ಮಾಡಿದೆ. ಮುಂದಿನ ಪೈಪು, ಎರಡು ಭಾಗ ಕೂಡುವ ಕೊಂಡಿ, ಇವನ್ನೆಲ್ಲ ಡ್ರೈವರುಗಳು ಎದ್ದು ಮುಖ ತೊಳೆಯುವಷ್ಟರೊಳಗೆ ಮುಗಿಸಿ ಹಿಂದಕ್ಕೆ ಸರಿಯುತ್ತಿದ್ದೆ. ರಹಮತ್ ಸಾಬರು ನಗುತ್ತಿದ್ದರು. "ಒಳ್ಳೇದೇ ಆತು ಬಿಡು. ಮುಂದೆ ನೋಡಾಕ ಡ್ರೈವರ್ ಅದಾನೆ. ಹಿಂದೆ ಯಾವನೂ ನೋಡಲ್ಲ."

ನಮ್ಮ ಕಡೆ ಹಿಮ ಬೀಳುವುದಿಲ್ಲ, ಚಳಿಗಾಲದಲ್ಲಿ ಗಾಡಿಗೇನು ಕಷ್ಟ ಎಂದು ನೀವು ಕೇಳಬಹುದು. ರಹಮತ್ ಸಾಬರು ಹೇಳಿಕೊಟ್ಟದ್ದನ್ನು ಹೇಳುತ್ತೇನೆ.

ಗಾಳಿಯ ಟ್ಯಾಂಕಿನೊಳಗೆ ತಂಪಿಗೆ ನೀರು ಕಟ್ಟುತ್ತದೆ. ಟ್ಯಾಂಕಿನ ಅಡಿಯಲ್ಲಿ ಒಂದು ಉಂಗುರವಿದೆ. ಎಳೆದರೆ ಹಾಲಿನಂಥ ನೀರು ಚಿಮ್ಮುತ್ತದೆ. ಅದನ್ನು ದಿನಾ ಬೆಳಿಗ್ಗೆ ಬಿಡಬೇಕು, ಇಲ್ಲದಿದ್ದರೆ ಬ್ರೇಕು ಹಿಡಿಯುವುದು ತಡವಾಗುತ್ತದೆ. ಮೊದಲ ದಿನ ನಾನು ಉಂಗುರ ಎಳೆದಾಗ ಆ ನೀರು ಸಾಹುಕಾರರ ಬಿಳಿ ಪಂಚೆಗೆ ಸಿಡಿಯಿತು. ಅವರು ಪಂಚೆ ನೋಡಿಕೊಂಡರು, ನಾನು ಟ್ಯಾಂಕ್ ನೋಡಿದೆ. ಮರುದಿನದಿಂದ ಅವರು ಬೂದು ಬಣ್ಣದ ಪ್ಯಾಂಟಿನಲ್ಲಿ ಬರತೊಡಗಿದರು.

ಟೈರಿನ ಗಾಳಿಯನ್ನು ಬೆಳಿಗ್ಗೆ, ಗಾಡಿ ಒಂದು ಸುತ್ತೂ ಉರುಳದಿರುವಾಗ ನೋಡಬೇಕು. ಓಡಿ ಬಂದ ಟೈರು ಬಿಸಿಯಾಗಿ ಸುಳ್ಳು ಹೇಳುತ್ತದೆ. ಜೋಡಿ ಟೈರುಗಳಲ್ಲಿ ಒಳಗಿನದಕ್ಕೆ ಗಾಳಿ ಇಲ್ಲದಿದ್ದರೂ ಹೊರಗಿನದು ಮರ್ಯಾದೆ ಕಾಪಾಡುತ್ತಿರುತ್ತದೆ. ಕಬ್ಬಿಣದ ಸರಳಿನಿಂದ ಎರಡಕ್ಕೂ ತಟ್ಟಿ ಸದ್ದು ಕೇಳಬೇಕು. ತಾಡಪಾಲು ಇಬ್ಬನಿ ಕುಡಿದು ಭಾರವಾಗಿ ಜೋಲುತ್ತದೆ. ರಾತ್ರಿ ಬಿಗಿಯಾಗಿ ಕಟ್ಟಿದ ಹಗ್ಗ ಬೆಳಿಗ್ಗೆ ಸಡಿಲವಾಗಿರುತ್ತದೆ. ಹೀಗೆ ಜೋತ ತುದಿ ನೇರವಾಗಿ ಹಿಂದಿನ ದೀಪದ ಮೇಲೆ ಬಂದು ಕೂರುತ್ತದೆ. ಅದಕ್ಕೆ ಬೇರೆ ಜಾಗ ಸಿಗುವುದೇ ಇಲ್ಲ.

ಸಾಹುಕಾರರ ಒಂದು ಪ್ರಯೋಗವನ್ನೂ ಹೇಳಿಬಿಡುತ್ತೇನೆ. ಒಂದು ಚಳಿಗಾಲ ಅವರು ಎಲ್ಲಿಂದಲೋ ಭಾರೀ ಬೆಳಕಿನ ಬಿಳಿ ದೀಪಗಳನ್ನು ತರಿಸಿ ಗಾಡಿಗಳ ನೆತ್ತಿಗೆ ಹಾಕಿಸಿದರು. ಮಂಜನ್ನು ಸೀಳಿಕೊಂಡು ಹೋಗುತ್ತವೆ ಎಂದರು. ಮರುದಿನ ಹನುಮಂತಪ್ಪನವರು ತುಂಗಭದ್ರೆಯ ಸೇತುವೆಯವರೆಗೆ ಹೋಗಿ ಫೋನ್ ಮಾಡಿದರು.

"ಸಾಹುಕಾರ್ರೇ, ಮದುವಿ ಪೆಂಡಾಲಿನಾಗ ಹೊಕ್ಕಂಗ ಆಗೈತೆ. ಎಲ್ಲಾ ಕಡೆ ಬಿಳೇ ಬಟ್ಟಿ. ಮದುಮಗ ಎಲ್ಲಿ ಅದಾನೋ ಕಾಣವಲ್ದು."

ಮಂಜಿನಲ್ಲಿ ಬೆಳಕು ಮೇಲಿನಿಂದ ಜೋರಾಗಿ ಬಿದ್ದರೆ ತಿರುಗಿ ನಮ್ಮ ಕಣ್ಣಿಗೇ ಬರುತ್ತದೆ. ದೀಪ ತಗ್ಗಿನಲ್ಲಿರಬೇಕು, ಸಣ್ಣಗಿರಬೇಕು, ನೆಲ ನೋಡಬೇಕು. ಸಾಹುಕಾರರು ತಪ್ಪಾಯಿತು ಎನ್ನುವವರಲ್ಲ. ದೀಪಗಳನ್ನು ಬಿಚ್ಚಿಸಿ ಯಾರ್ಡಿನ ಆಫೀಸಿನ ಮುಂದೆ ಹಾಕಿಸಿದರು. ಆ ವರ್ಷ ಆಫೀಸಿನಲ್ಲಿ ಹುಳು ಬಹಳವಾದವು.

ಈಗ ಮುಖ್ಯ ಸಂಗತಿಗೆ ಬರುತ್ತೇನೆ.

ಪ್ರತಿ ಅಮಾವಾಸ್ಯೆಗೆ ಗಾಡಿಗಳಿಗೆ ಪೂಜೆ ಆಗುತ್ತಿತ್ತು. ನಿಂಬೆಹಣ್ಣು, ತೆಂಗಿನಕಾಯಿ, ಊದುಬತ್ತಿ. ಅರಿಶಿನ ಕುಂಕುಮವನ್ನು ಎಣ್ಣೆಯಲ್ಲಿ ಕಲಸಿ ಗಾಡಿಯ ಮುಖಕ್ಕೆ, ಸ್ಟೇರಿಂಗಿಗೆ, ಟೈರಿಗೆ, ಆಮೇಲೆ ಹಿಂದಕ್ಕೆ ಬಂದು ಎರಡು ಹಿಂದಿನ ದೀಪಗಳಿಗೆ ಹಚ್ಚುತ್ತಿದ್ದರು. ದೀಪವೆಂದರೆ ದೇವರು, ಅದನ್ನು ಬಿಡುವುದು ಹೇಗೆ? ಹಿಂದೆ ಅಂಟಿಸಿದ, ಬೆಳಕು ಬಿದ್ದರೆ ಹೊಳೆಯುವ ಪಟ್ಟಿಗಳ ಮೇಲೆ ಮೂರು ಬೆರಳಿನ ವಿಭೂತಿ. ಮಳೆಗಾಲದಲ್ಲಿ ಇದೆಲ್ಲ ತೊಳೆದು ಹೋಗುತ್ತಿತ್ತು. ಚಳಿಗಾಲದಲ್ಲಿ ಮಳೆ ಇಲ್ಲ. ಒಂದು ಅಮಾವಾಸ್ಯೆಯದರ ಮೇಲೆ ಇನ್ನೊಂದು ಅಮಾವಾಸ್ಯೆಯದು ಕೂತು, ನಡುವೆ ಮೆಕ್ಕೆಜೋಳದ ಧೂಳು ಸೇರಿ, ಇಬ್ಬನಿಗೆ ಹಸಿಯಾಗಿ, ಬಿಸಿಲಿಗೆ ಒಣಗಿ ಗಾರೆಯಂತಾಗುತ್ತಿತ್ತು. ದೀಪ ಒಳಗೆ ಉರಿಯುತ್ತಿತ್ತು, ಹೊರಗಿನವರಿಗೆ ಆ ಸುದ್ದಿ ಮುಟ್ಟುತ್ತಿರಲಿಲ್ಲ.

ಹಚ್ಚಿದವರು ಒರೆಸುತ್ತಿರಲಿಲ್ಲ. ದೇವರಿಗೆ ಇಟ್ಟ ಕುಂಕುಮವನ್ನು ಕೈಯಾರೆ ಅಳಿಸಿ ಪ್ರಯಾಣ ಹೊರಡುವವರು ಯಾರಿದ್ದಾರೆ? ನಾನು ರಹಮತ್ ಸಾಬರಿಗೆ ತೋರಿಸಿದೆ. ಅವರು ಗಡ್ಡ ಕೆರೆದುಕೊಂಡರು.

"ನಾನು ಒರೆಸಿದ್ರ ಸಾಬ ಒರೆಸಿದ ಅಂತ ಒಂದು ಕತಿ ಆಗ್ತೈತೆ. ನೀನು ಒರೆಸಿದ್ರ ಅದಕ್ಕಿಂತ ದೊಡ್ಡ ಕತಿ ಆಗ್ತೈತೆ. ಇಬ್ಬರೂ ಸೇರಿ ಒರೆಸಿದ್ರ, ತೌಬಾ, ಊರೇ ಬಿಡಬೇಕು."

"ಮತ್ತೇನ್ ಮಾಡಾಣ್ರಿ?"

"ಮಳಿ ಬರಲಿ ಅಂತ ದುವಾ ಮಾಡು."

ಇಬ್ಬರೂ ಹನುಮಂತಪ್ಪನವರಿಗೆ ಹೇಳಿ ನೋಡಿದೆವು. "ದೇವರು ಇದ್ದಲ್ಲಿ ಯಾವನು ಬಂದು ಗುದ್ದತಾನೆ?" ಎಂದು ಅವರೇ ನಮ್ಮನ್ನು ಕೇಳಿದರು. ಮಳೆಯೂ ಬರಲಿಲ್ಲ.

ಆ ವರ್ಷದ ಎಳ್ಳು ಅಮಾವಾಸ್ಯೆಯ ಮರುದಿನ ಬೆಳಿಗ್ಗೆ ಮಂಜು ಹೊಳೆಯ ಕಡೆಯಿಂದ ಎದ್ದು ಯಾರ್ಡನ್ನು ತುಂಬಿತ್ತು. ನನ್ನ ಕೈ ನನಗೆ ಕಾಣುತ್ತಿತ್ತು, ಕೈಯಲ್ಲಿದ್ದ ಸರಳಿನ ತುದಿ ಮಸುಕಾಗಿತ್ತು. ಹನುಮಂತಪ್ಪನವರು ಮೆಕ್ಕೆಜೋಳದ ಲೋಡು ತೆಗೆದುಕೊಂಡು ಪುಣೆಯ ಕಡೆ ಹೊರಡಬೇಕಿತ್ತು. ರಹಮತ್ ಸಾಬರು ಬೇರಿಂಗ್ ತರಲು ಹರಿಹರಕ್ಕೆ ಹೋಗಿದ್ದರು. ಸಾಹುಕಾರರು ಇನ್ನೂ ಬಂದಿರಲಿಲ್ಲ.

ನಾನು ಹಿಂದೆ ಹೋಗಿ ನೋಡಿದೆ. ಹಿಂದಿನ ದಿನದ ಕುಂಕುಮ ಎಣ್ಣೆಯೊಂದಿಗೆ ಎರಡೂ ದೀಪಗಳನ್ನು ಅಂಚಿನವರೆಗೆ ಮುಚ್ಚಿತ್ತು. ಪಟ್ಟಿಗಳ ಮೇಲೆ ಒಂದನ್ನೂ ಬಿಡದೆ ವಿಭೂತಿ ಎಳೆದಿದ್ದರು. ಭಕ್ತಿಯಲ್ಲಿ ಲೋಪವಿರಲಿಲ್ಲ. ದೀಪ ಹಾಕಿಯೇ ಇತ್ತು. ನಾಲ್ಕು ಹೆಜ್ಜೆ ಹಿಂದೆ ಸರಿದೆ. ಗಾಡಿ ಮಂಕಾಯಿತು. ಇನ್ನೂ ಸರಿದೆ. ಗಾಡಿ ಹೋಯಿತು. ಎಂಜಿನ್ ಸದ್ದು ಮಾತ್ರ ಉಳಿಯಿತು. ಹೆದ್ದಾರಿಯಲ್ಲಿ ಇವರ ಹಿಂದೆ ಬರುವ ಬಸ್ಸಿನವನಿಗೆ ಆ ಸದ್ದೂ ಕೇಳುವುದಿಲ್ಲ.

"ಹನುಮಂತಪ್ಪಾರೇ" ಎಂದು ಕೂಗಿದೆ. ನನ್ನ ಕೂಗು ನನ್ನ ಸೆರಗನ್ನೂ ದಾಟುವುದಿಲ್ಲ. ಓಡಿ ಹೋಗಿ ಗಾಡಿಯ ಮೈ ಮೇಲೆ ಸರಳಿನಿಂದ ಬಡಿದೆ. ಗಾಬರಿಯಲ್ಲಿ ಎಷ್ಟು ಸಲ ಬಡಿದೆನೋ. ಬ್ರೇಕು ಬುಸ್ ಎಂದು ಬಿಟ್ಟಿತು, ಗಾಡಿ ಉರುಳಿತು. ನಮ್ಮಲ್ಲಿ ಒಂದು ಸಲ ಬಡಿದರೆ ನಿಲ್ಲು ಎಂದರ್ಥ, ಹೆಚ್ಚು ಸಲ ಬಡಿದರೆ ಹೊರಡು ಎಂದರ್ಥ. ನನಗೆ ಇದು ಚೆನ್ನಾಗಿ ಗೊತ್ತಿತ್ತು.

ಆಗ ನನಗೆ ಉಳಿದಿದ್ದು ಒಂದೇ ದಾರಿ. ಸಾಹುಕಾರರು ಹೇಳಿದ್ದು ನೆನಪಿತ್ತು. ಇನ್ನೊಂದು ಗಾಡಿ ನಿಂತರೆ ಕೆಲಸ ಹೋಗುತ್ತದೆ. ಗಾಡಿಯ ಪಕ್ಕದಲ್ಲೇ ಓಡುವಾಗ ಅದನ್ನೇ ಯೋಚಿಸುತ್ತಿದ್ದೆ, ಆದರೆ ಕಾಲು ಓಡುತ್ತಲೇ ಇತ್ತು. ಲೋಡಾದ ಟ್ರೇಲರ್ ಮೊದಲ ಗೇರಿನಲ್ಲಿ ನನಗಿಂತ ನಿಧಾನ. ಗೇಟಿಗೆ ನಾನೇ ಮೊದಲು ತಲುಪಿದೆ. ಗೇಟಿನ ನಡುವೆ ನಿಂತು, ಸೆರಗನ್ನು ತಲೆಯಿಂದ ಸರಿಸಿ, ಮುಖ ಎತ್ತಿ ಡ್ರೈವರ್ ಸೀಟಿನ ಕಡೆ ನೋಡಿದೆ.

ಗಾಡಿ ನಿಂತಿತು. ಅದುವರೆಗೆ ನನ್ನ ಕಡೆಗೇ ಬರುವ ಗಾಡಿಯ ಮುಂಭಾಗವನ್ನು ನಾನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ಬಹಳ ದೊಡ್ಡದಿದೆ.

ಹನುಮಂತಪ್ಪನವರು ಕಿಟಕಿಯಿಂದ ತಲೆ ಹಾಕಿದರು. "ಏನಮ್ಮಾ ಇದು! ಹೊತ್ತಾರೆ ಎದ್ದು! ಸಾಹುಕಾರ್ರಿಗೆ ಹೇಳ್ತೀನಿ ನೋಡು."

"ಹೇಳ್ರಿ. ಮೊದ್ಲು ಇಳಿದು ನೀರು ಕುಡೀರಿ."

ಅದು ಅವರದೇ ನಿಯಮ. ಇಳಿಯದೆ ವಿಧಿಯಿರಲಿಲ್ಲ. ಎಂಜಿನ್ ನಿಲ್ಲಿಸಿದರು, ದೀಪ ಉರಿಯುತ್ತಲೇ ಇತ್ತು. ಗೇಟಿನ ಹತ್ತಿರ ಚಹಾದಂಗಡಿಯ ಬೆಂಚಿನ ಮೇಲೆ ಕೂತು ಚೊಂಬು ಎತ್ತಿದರು. ನಾನು ಅವರ ಎದುರಿಗೆ ಬೀಳದಂತೆ ಬೆಂಚಿನ ಹಿಂದೆ ನಿಂತೆ. ರೂಢಿ.

"ಬಡಿದಾಕಿ ನೀನೇ ಅಲ್ಲ? ಹೊರಡು ಅಂತ?"

"ನಿಲ್ಲು ಅಂತ ಬಡಿದೆ."

"ನಿಲ್ಲು ಅಂದ್ರ ಒಂದೇ ಸಲ ಬಡೀಬೇಕು."

"ಗಾಬರಿ ಆಗಿತ್ರಿ. ಒಂದ್ಸಲ ಹಿಂದಕ್ಕೆ ಬರ್ರಿ."

"ಯಾಕ?"

"ಬರ್ರಿ."

"ನೀನು ಮುಂದೆ ನಡೀಬ್ಯಾಡ. ನಾನು ಮುಂದೆ ನಡೀತೀನಿ."

ಅವರು ಮುಂದೆ, ನಾನು ಹಿಂದೆ. ಗಾಡಿಯ ಉದ್ದಕ್ಕೂ ನಡೆದು, ಅದನ್ನು ದಾಟಿ, ಮೆಕ್ಕೆಜೋಳ ಒಣಹಾಕುವ ಕಟ್ಟೆಯವರೆಗೆ ಹೋದೆವು. ಅಲ್ಲಿ ತಿರುಗಿ ನೋಡಲು ಹೇಳಿದೆ. ತಿರುಗಿದರು.

"ಗಾಡಿ ಎಲ್ಲಿ?"

"ಅಲ್ಲೇ ಐತ್ರಿ."

"ದೀಪ ಹಾಕೀನಿ."

"ಹೌದ್ರಿ. ಉರೀತಾವೆ."

ಆಚೆ ಗೇಟಿನ ಚಹಾದಂಗಡಿಯ ಬಲ್ಬು ಮಂಜಿನೊಳಗೆ ಹಳದಿಯಾಗಿ ಕಾಣುತ್ತಿತ್ತು. ಅದಕ್ಕಿಂತ ಹತ್ತಿರವಿದ್ದ, ಒಂದು ಊರಿಗೆ ಸಾಲುವಷ್ಟು ಮೆಕ್ಕೆಜೋಳ ಹೊತ್ತ ಅವರ ಗಾಡಿ ಕಾಣುತ್ತಿರಲಿಲ್ಲ. ಹನುಮಂತಪ್ಪನವರು ಹೆಗಲ ಮೇಲಿನ ಟವೆಲನ್ನು ಕೈಗೆ ತೆಗೆದುಕೊಂಡರು. ಮತ್ತೆ ಹೆಗಲಿಗೆ ಹಾಕಿಕೊಂಡರು. ಮತ್ತೆ ತೆಗೆದುಕೊಂಡರು. ಹೋಗಿ ದೀಪದ ಮುಂದೆ ನಿಂತು, ಕಣ್ಣು ಮುಚ್ಚಿ, ಏನೋ ಹೇಳಿಕೊಂಡು, ಒರೆಸಿದರು. ಬೆಳಕು ಹೊರಗೆ ಬಂತು. ಟವೆಲಿಗೆ ಹತ್ತಿದ ಕುಂಕುಮವನ್ನು ಒಗೆಯಲು ಮನಸ್ಸಾಗಲಿಲ್ಲ. ಬೆರಳಿಗೆ ತೆಗೆದುಕೊಂಡು ದೀಪದ ಕೆಳಗಿನ ಕಬ್ಬಿಣದ ಪಟ್ಟಿಗೆ ಹಚ್ಚಿದರು.

"ಇಲ್ಲಿದ್ರ ನಡೀತೈತಾ?"

"ಕಬ್ಬಿಣಕ್ಕೆ ಬೆಳಕಿಲ್ಲಲ್ರಿ. ನಡೀತೈತೆ."

ಇನ್ನೊಂದು ದೀಪ ಒರೆಸುವಷ್ಟರಲ್ಲಿ ಸಾಹುಕಾರರ ಕಾರು ಬಂತು. ವಾಚ್‌ಮನ್ ಆಗಲೇ ಫೋನ್ ಮಾಡಿದ್ದ.

"ಗಾಡಿ ಯಾಕ ನಿಂತೈತೆ?"

ನಾನು ನನ್ನ ಸರಳನ್ನು ನೋಡುತ್ತಿದ್ದೆ. ಅದನ್ನು ಯಾರಿಗೆ ಒಪ್ಪಿಸಿ ಹೋಗಬೇಕು ಎಂದು ಯೋಚನೆ.

"ನೀರು ಕುಡಿಯಾಕ ಇಳಿದಿದ್ದೆ" ಎಂದರು ಹನುಮಂತಪ್ಪನವರು.

"ಈಯಮ್ಮ ಎದುರಿಗೆ ಬಂದಿದ್ಲಂತಲ್ಲ?"

"ಬಂದಿದ್ಲು."

"ಹಂಗಾದ್ರ ಇವಳಿಂದ್ಲೇ ನಿಂತೈತೆ. ನಾನು ಮೊದ್ಲೇ ಹೇಳಿದ್ದೆ."

ಹನುಮಂತಪ್ಪನವರು ಟವೆಲ್ ಕೊಡವಿದರು. "ಸಾಹುಕಾರ್ರೇ, ಒಂದು ಕೆಲಸ ಮಾಡ್ರಿ. ಆ ಕಡೆ ಇನ್ನೊಂದು ಟ್ರೇಲರ್ ದೀಪ ಹಾಕ್ಕಂಡು ನಿಂತೈತೆ. ನೆಟ್ಟಗೆ ನಡಕೊಂಡು ಹೋಗಿ ಹುಡುಕ್ರಿ. ದೀಪ ಕಂಡ್ರ ಈಯಮ್ಮನ್ನ ಕೆಲಸದಿಂದ ಬಿಡಿಸ್ರಿ."

ಸಾಹುಕಾರರು ಹಟದ ಮನುಷ್ಯರು. ನಡೆದರು. ಮಂಜು ಅವರನ್ನು ನುಂಗಿತು. ನಾವಿಬ್ಬರೂ ಕಾದೆವು. ಸ್ವಲ್ಪ ಹೊತ್ತಿಗೆ ಠಣ್ ಎಂದು ಒಂದು ಸದ್ದು, ಅದರ ಹಿಂದೆಯೇ "ಅಯ್ಯಯ್ಯಪ್ಪಾ" ಎಂಬ ಸಾಹುಕಾರರ ದನಿ ಬಂತು. ಅವರು ಟ್ರೇಲರನ್ನು ಮೊಣಕಾಲಿನಿಂದ ಪತ್ತೆ ಮಾಡಿದ್ದರು.

ಕುಂಟುತ್ತ ವಾಪಸ್ ಬಂದರು. ನನ್ನನ್ನು ನೋಡಿದರು. ಹನುಮಂತಪ್ಪನವರನ್ನು ನೋಡಿದರು. "ಎಲ್ಲಾ ಗಾಡಿ ಒರೆಸ್ರಿ" ಎಂದು ಆಫೀಸಿಗೆ ಹೋದರು. ನನ್ನ ಕೆಲಸ ಉಳಿಯಿತೇ ಹೋಯಿತೇ ಎಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಮರುದಿನ ಬಂದೆ. ಅವರು ಇರುವವರೆಗೂ ಆ ಮಾತು ಇಬ್ಬರಿಂದಲೂ ಬರಲಿಲ್ಲ.

ಆ ಲೋಡು ಪುಣೆ ಮುಟ್ಟಿತು. ದಾರಿಯಲ್ಲಿ ಏನೂ ಆಗಲಿಲ್ಲ. ಹಾಗೇ ಹೋಗಿದ್ದರೂ ಬಹುಶಃ ಏನೂ ಆಗುತ್ತಿರಲಿಲ್ಲವೇನೋ, ನನಗೆ ಗೊತ್ತಿಲ್ಲ. ಸಿಂಧು, ಇದನ್ನು ಮನಸ್ಸಿನಲ್ಲಿಟ್ಟುಕೋ. ನಮ್ಮ ಕೆಲಸ ಸರಿಯಾಗಿ ಆದಾಗ ತೋರಿಸುವುದಕ್ಕೆ ಏನೂ ಉಳಿಯುವುದಿಲ್ಲ. ಯಾರೂ ಬಂದು, ಇವತ್ತು ನನಗೆ ಯಾರೂ ಗುದ್ದಲಿಲ್ಲ, ಬಹಳ ಉಪಕಾರವಾಯಿತು ಎನ್ನುವುದಿಲ್ಲ.

ಮುಂದಿನ ಅಮಾವಾಸ್ಯೆಗೆ ಹನುಮಂತಪ್ಪನವರೇ ನಿಂತು ಎಲ್ಲರಿಗೂ ಕುಂಕುಮ ಎಲ್ಲಿ ಹಚ್ಚಬೇಕು ಎಂದು ತೋರಿಸಿದರು. ದೀಪಕ್ಕಲ್ಲ, ಅದರ ಕೆಳಗಿನ ಕಬ್ಬಿಣಕ್ಕೆ. ದೇವರು ಅಷ್ಟು ದೂರ ಸರಿಯಲು ಒಪ್ಪಿದ್ದಾನೆ ಎಂದು ಅವರು ಎಷ್ಟು ಖಚಿತವಾಗಿ ಹೇಳಿದರೆಂದರೆ, ಯಾರೂ ಎದುರಾಡಲಿಲ್ಲ. ಅಪಶಕುನದ ನಂಬಿಕೆಯನ್ನು ಮಾತ್ರ ಯಾರೂ ಬಿಡಲಿಲ್ಲ. ನಾನೂ ಬಿಡಿಸಲು ಹೋಗಲಿಲ್ಲ, ಏಕೆಂದರೆ ಅದು ಕೆಲಸಕ್ಕೆ ಬರುತ್ತಿತ್ತು. ಗೌರಮ್ಮ ಹಿಂದೆ ನಿಂತಿದ್ದರೆ ಹೊರಡಬಹುದು, ಮುಂದೆ ಬಂದರೆ ಇಳಿದು ನೀರು ಕುಡಿಯಬೇಕು ಎಂಬುದು ಯಾರ್ಡಿನ ನಿಯಮವಾಯಿತು. ಒಬ್ಬ ಡ್ರೈವರ್ ಮಾತ್ರ ಕೆಲವು ದಿನ ಗೇಟು ದಾಟುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಕಣ್ಣು ಮುಚ್ಚಿ ಟ್ರೇಲರ್ ಓಡಿಸುವುದು ವಿಧವೆ ಎದುರಾಗುವುದಕ್ಕಿಂತ ದೊಡ್ಡ ಅಪಶಕುನ ಎಂದು ರಹಮತ್ ಸಾಬರು ತಿಳಿಸಿದ ಮೇಲೆ ಬಿಟ್ಟ.

ಮಾರನೆಯ ಚಳಿಗಾಲ ಹನುಮಂತಪ್ಪನವರು ಒಂದು ಬೆಳಿಗ್ಗೆ ನನ್ನನ್ನು ಕರೆದರು. "ಜೀವಮಾನ ಎಲ್ಲಾ ಹಿಂದೆ ನಿಂತು ನೋಡೀದಿ. ಹತ್ತಮ್ಮ, ಹಾವೇರಿ ತನಕ ಮುಂದಿಂದ ನೋಡು." ಹತ್ತಿದೆ. ಹೊರಡುವಾಗ ಅವರು ಮುಂಚಿತವಾಗಿಯೇ ಒಂದು ಚೊಂಬು ನೀರು ಕುಡಿದರು. ಪವನ್, ಆ ದಿನ ಅವರು ಗಾಡಿ ಓಡಿಸಿದ್ದನ್ನು ನಿನಗಾಗಿ ಬರೆಯುತ್ತೇನೆ.

ಎಂಜಿನ್ ಶುರು ಮಾಡಿದ ಮೇಲೆ ಗಾಳಿಯ ಒತ್ತಡ ತೋರಿಸುವ ಮುಳ್ಳು ಮೇಲೇರುವವರೆಗೂ ಗಾಡಿ ಅಲುಗಿಸಲಿಲ್ಲ. ಆಮೇಲೆ ಹಿಂದಿನ ಬ್ರೇಕು ಹಿಡಿದಿರುವಾಗಲೇ ಒಂದು ಸಲ ಮೆಲ್ಲಗೆ ಮುಂದಕ್ಕೆ ಎಳೆದು ನೋಡಿದರು, ಎರಡು ಭಾಗ ಸರಿಯಾಗಿ ಕೂಡಿವೆಯೇ ಎಂದು. ಗಾಜಿನ ಒಳಗಿನ ಮಂಜಿಗೆ ಬೀಡಿಯ ತಂಬಾಕು ಒದ್ದೆ ಮಾಡಿ ಉಜ್ಜಿದ್ದರು. ಕ್ಯಾಬಿನ್ ತುಂಬ ಬೀಡಿ ಕಾರ್ಖಾನೆಯ ವಾಸನೆ, ಗಾಜು ಮಾತ್ರ ನಿಚ್ಚಳ. ಅಷ್ಟು ಚಳಿಯಲ್ಲೂ ಪಕ್ಕದ ಕಿಟಕಿ ಅರ್ಧ ಇಳಿಸಿದ್ದರು, ಕಾಣದ್ದನ್ನು ಕೇಳಲು. ಮುಂದಿನ ಗಾಡಿಯ ಕೆಂಪು ದೀಪವನ್ನು ಹಿಂಬಾಲಿಸುತ್ತಿರಲಿಲ್ಲ. "ಅವನು ಹೊಲಕ್ಕಿಳಿದ್ರ ನಾನೂ ಇಳಿಬೇಕಾಗ್ತೈತೆ" ಎಂದರು. ರಸ್ತೆಯ ಎಡ ಅಂಚಿನ ಬಿಳಿ ಗೆರೆ ನೋಡಿಕೊಂಡು ಹೋಗುತ್ತಿದ್ದರು.

ರಾಣೇಬೆನ್ನೂರಿನ ಈಚೆ ಸರ್ವಿಸ್ ರಸ್ತೆಯಲ್ಲಿ ಮೆಕ್ಕೆಜೋಳ ಒಣಹಾಕಿ ಸುತ್ತಲೂ ಕಲ್ಲು ಜೋಡಿಸಿದ್ದರು. ಜೋಳ ಬಳಿದುಕೊಂಡು ಹೋದವರು ಕಲ್ಲು ಬಿಟ್ಟು ಹೋಗುತ್ತಾರೆ. ಹಾಗಾಗಿ ಮಂಜಿನಲ್ಲಿ ಆ ಕಡೆ ಇಳಿಯಬಾರದು. ಒಂದು ಕಡೆ ಮಂಜಿನೊಳಗಿಂದ ಕಬ್ಬಿನ ಟ್ರ್ಯಾಕ್ಟರ್ ಏಕಾಏಕಿ ಎದ್ದು ಬಂತು. ದೀಪವಿಲ್ಲ, ಹಿಂದೆ ಕಟ್ಟಿದ್ದ ಒಂದು ಕೆಂಪು ಚಿಂದಿ ಮಾತ್ರ. ನಾನು ಸೀಟು ಹಿಡಿದುಕೊಂಡೆ. ಹನುಮಂತಪ್ಪನವರು ಬ್ರೇಕನ್ನು ಒಮ್ಮೆಲೇ ತುಳಿಯಲಿಲ್ಲ. ಇಬ್ಬನಿಗೆ ಒದ್ದೆಯಾದ ರಸ್ತೆಯಲ್ಲಿ ಹಾಗೆ ತುಳಿದರೆ ಹಿಂದಿನ ಭಾಗ ಜಾರಿ, ಗಾಡಿ ಕತ್ತರಿಯಂತೆ ಮಡಚಿಕೊಳ್ಳುತ್ತದೆ. ಗೇರು ಇಳಿಸಿ, ಬಿಟ್ಟು ಬಿಟ್ಟು ಒತ್ತಿ, ಟ್ರ್ಯಾಕ್ಟರಿನ ಹಿಂದೆ ಒಂದು ಎತ್ತಿನ ಗಾಡಿಯಷ್ಟು ಜಾಗ ಉಳಿಸಿ ನಿಂತರು. ಅಷ್ಟು ಜಾಗ ಉಳಿದದ್ದು ಅವರು ಮೊದಲಿನಿಂದಲೂ ನಿಧಾನವಾಗಿದ್ದರಿಂದ. ಟ್ರ್ಯಾಕ್ಟರಿನವನು ತಿರುಗಿಯೂ ನೋಡಲಿಲ್ಲ. ಹನುಮಂತಪ್ಪನವರು ಕಿಟಕಿಯಿಂದ, "ಲೇ ತಮ್ಮಾ, ಕುಂಕುಮನಾದ್ರೂ ಹಚ್ಚೋ!" ಎಂದು ಕೂಗಿದರು. ಆಮೇಲೆ ನನ್ನ ಕಡೆ ನೋಡಿ, ಮುಖ ತಿರುಗಿಸಿ ಗೇರು ಹಾಕಿದರು.

ಮಂಜು ತೀರಾ ದಟ್ಟವಾದಾಗ ಅವರು ರಸ್ತೆಯ ಪಕ್ಕ ನಿಲ್ಲಿಸಲಿಲ್ಲ. ಒಂದು ಡಾಬಾ ಸಿಗುವವರೆಗೆ ತೆವಳಿ, ಪೂರ್ತಿ ಒಳಗೆ ಇಳಿಸಿ ನಿಲ್ಲಿಸಿದರು. ಹೆದ್ದಾರಿಯ ಅಂಚಿನಲ್ಲಿ ನಿಂತ ಟ್ರೇಲರ್ ಎಂದರೆ ರಸ್ತೆಯಲ್ಲಿ ಕಟ್ಟಿದ ಗೋಡೆ. ಬಿಸಿಲು ಬಂದ ಮೇಲೆ ಹೊರಟೆವು. ತಡವಾಗಿ ಮುಟ್ಟಿದೆವು. ತಡವಾದದ್ದಕ್ಕೆ ಸಾಹುಕಾರರು ಬೈದರು. ಬೈಸಿಕೊಳ್ಳುವುದೂ ಚಳಿಗಾಲದ ಡ್ರೈವಿಂಗಿನ ಒಂದು ಭಾಗ ಎಂದು ಹನುಮಂತಪ್ಪನವರು ಹೇಳಿದರು.

ಈಗ ಎಲ್ಲ ಬದಲಾಗಿದೆ. ದೀಪಗಳು ಮೊದಲಿಗಿಂತ ಪ್ರಕಾಶವಾಗಿವೆ. ಗಾಳಿಯನ್ನು ಒಣಗಿಸುವ ಡಬ್ಬಿ ಗಾಡಿಯಲ್ಲೇ ಇದೆ. ಸಿಂಧುವಿನ ಟ್ಯಾಬ್ ಒಂದೊಂದಾಗಿ ಕೇಳುತ್ತದೆ, ಫೋಟೋ ತೆಗೆಯದಿದ್ದರೆ ಮುಂದಕ್ಕೆ ಬಿಡುವುದಿಲ್ಲ. ಅದು ಒಳ್ಳೆಯದು. ನನಗೆ ಜ್ವರ ಬಂದ ದಿನ ಯಾರ್ಡಿನಲ್ಲಿ ಯಾರೂ ಏನೂ ಕೇಳುತ್ತಿರಲಿಲ್ಲ, ಟ್ಯಾಬಿಗೆ ಜ್ವರ ಬರುವುದಿಲ್ಲ. ಆದರೆ ಸಿಂಧು, ದೀಪದ ಫೋಟೋವನ್ನು ಹತ್ತಿರದಿಂದ ತೆಗೆಯುತ್ತೇನೆ ಎಂದು ನೀನೇ ಹೇಳಿದೆ. ಹತ್ತಿರದಿಂದ ಎಲ್ಲ ದೀಪವೂ ಕಾಣುತ್ತದೆ. ಫೋಟೋ ತೆಗೆದ ಮೇಲೆ ಹಿಂದಕ್ಕೆ ನಡೆದು, ಹಿಂದೆ ಬರುವವನು ಇರುವ ಜಾಗದಲ್ಲಿ ನಿಂತು ತಿರುಗಿ ನೋಡು. ನನ್ನ ಇಡೀ ನೌಕರಿಯ ವಿದ್ಯೆ ಅಷ್ಟೇ.

ಪವನ್, ನೀನು ಮೊದಲ ಸಲ ಗಾಡಿ ಎತ್ತುವ ದಿನ ನಾನು ಗೇಟಿಗೆ ಬರುತ್ತೇನೆ. ಚಳಿ, ಬರಬೇಡ ಎಂದು ನಿಮ್ಮ ಅಮ್ಮ ಹೇಳುತ್ತಾಳೆ, ಆದರೂ ಬರುತ್ತೇನೆ. ನೀನು ನಂಬಿಕೆ ಗಿಂಬಿಕೆ ಇಲ್ಲದ ಹುಡುಗ, ಇರಲಿ. ನಾನು ಹಿಂದೆ ನಿಂತಿದ್ದರೆ ಹೊರಡು. ಮುಂದೆ ಕಂಡರೆ, ನಂಬದಿದ್ದರೂ ಪರವಾಗಿಲ್ಲ, ಇಳಿದು ನೀರು ಕುಡಿ.

ಈ ಹಾಳೆಗಳನ್ನು ಜೋಪಾನವಾಗಿಡಿ. ಬೀರುವಿನಲ್ಲಿ ಬೇಡ. ಇಬ್ಬನಿ ತಾಗದಂತೆ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಗಾಡಿಯೊಳಗೆ, ಡ್ರೈವರ್ ಸೀಟಿಗೆ ಹತ್ತಿದ ಕೂಡಲೇ ಕಣ್ಣಿಗೆ ಬೀಳುವ ಜಾಗದಲ್ಲಿ ಇಡಿ. ನನಗೆ ಎಲ್ಲ ಚಳಿಗಾಲವೂ ಗೇಟಿಗೆ ಬರಲಾಗುವುದಿಲ್ಲ. ಆಗ ನನ್ನ ಬದಲು ಇವು ಎದುರಿಗೆ ಇರುತ್ತವೆ. ಕಂಡಾಗಲೆಲ್ಲ ಇಳಿದು, ನೀರು ಕುಡಿದು, ಒಂದು ಸಲ ಹಿಂದಕ್ಕೆ ಹೋಗಿ ನೋಡಿ ಬನ್ನಿ.